ಒಂದು ತಂಬಿಗೆ ನೀರು ಕೊಟ್ಟವರಿಗೆ

ಪ್ರೀತಿಯ ಸಭೆಯವರಿಗೂ ನಮಗಾಗಿ ಪ್ರಾರ್ಥನೆ ಮಾಡಿದ ಎಲ್ಲರಿಗೂ ವಂದನೆಗಳು.

ಆಫ್ರಿಕಾದ ಮಲಾವಿ ದೇಶದ ಬ್ಲಾಂಟೈರ್‌ನಲ್ಲಿ ನಮ್ಮ ಸೇವೆಯ ಅವಧಿ ಮುಗಿಯಿತು. ಮನೆ ಖಾಲಿ ಮಾಡಿದ್ದೇವೆ. ಕ್ಲಿನಿಕ್ಕಿನ ಕೀಲಿ ಹೊಸಬರ ಕೈ ಸೇರಿದೆ. ಇಷ್ಟು ವರ್ಷ ನಿಮಗೆ ಕಳುಹಿಸಿದ ವರದಿಗಳಲ್ಲಿ ಹೆಚ್ಚುಕಡಿಮೆ ಒಂದೇ ತರದ ಸಂಗತಿ ಇರುತ್ತಿತ್ತು. ಎಷ್ಟು ಸೊಳ್ಳೆಪರದೆ ಹಂಚಿದೆವು, ಸಂಡೇ ಸ್ಕೂಲಿಗೆ ಎಷ್ಟು ಮಕ್ಕಳು ಬಂದರು, ಕಾಲರಾ ಹರಡಿದಾಗ ಎಷ್ಟು ಮನೆಗೆ ಕ್ಲೋರಿನ್ ಕೊಟ್ಟೆವು. ಎಲ್ಲ ನಾವು ಕೊಟ್ಟದ್ದರ ಲೆಕ್ಕ. ನಮಗೆ ಸಿಕ್ಕಿದ್ದೇನು ಅಂತ ಯಾವ ಫಾರಮ್ಮೂ ಕೇಳುವುದಿಲ್ಲ. ಹಾಗಾಗಿ ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮತ್ತಾಯನ ಸುವಾರ್ತೆಯ 10ನೇ ಅಧ್ಯಾಯದ ಕೊನೆಯ ವಚನ ನಿಮಗೆಲ್ಲ ಬಾಯಿಪಾಠ. ಈ ಚಿಕ್ಕವರಲ್ಲಿ ಒಬ್ಬರಿಗೆ ಒಂದು ತಂಬಿಗೆ ತಣ್ಣೀರು ಕೊಟ್ಟರೂ ಅದಕ್ಕೆ ಪ್ರತಿಫಲ ತಪ್ಪುವುದಿಲ್ಲ ಅನ್ನುವ ಮಾತು. ದಾನಧರ್ಮದ ವಿಷಯ ಬಂದಾಗಲೆಲ್ಲ ಇದನ್ನು ಓದುತ್ತೇವೆ. ನಾವು ಕೊಡುವವರು, ಬೇರೆಯವರು ಕುಡಿಯುವವರು ಅನ್ನುವ ಹಾಗೆ. ಆದರೆ ಆ ಅಧ್ಯಾಯವನ್ನು ಮೊದಲಿನಿಂದ ಓದಿ ನೋಡಿ. ಯೇಸುಸ್ವಾಮಿ 12 ಮಂದಿ ಶಿಷ್ಯರನ್ನು ಸೇವೆಗೆ ಕಳುಹಿಸುತ್ತಿದ್ದಾರೆ. ದುಡ್ಡು ಇಟ್ಟುಕೊಳ್ಳಬೇಡಿ, ಚೀಲ ಬೇಡ, ಎರಡನೇ ಅಂಗಿಯೂ ಬೇಡ ಅಂತ ಹೇಳಿ ಕಳುಹಿಸುತ್ತಿದ್ದಾರೆ. ಹಾಗಾದರೆ ಬಾಯಾರಿ ಬಾಗಿಲಲ್ಲಿ ನಿಂತವರು ಯಾರು? ಮಿಷನರಿಗಳೇ! ನೀರು ಕೊಡುವವರು ಆ ಊರಿನವರು. ಈ ಸಲದ ಕೃತಜ್ಞತೆ ಮೊದಲು ಅವರಿಗೆ.

ಮಲಾವಿಯ ಸರಕಾರಿ ಆಸ್ಪತ್ರೆಗಳಲ್ಲಿ ರೋಗಿಯ ಜೊತೆ ಒಬ್ಬರು ಇರಲೇಬೇಕು. ಅವರನ್ನು ಗಾರ್ಡಿಯನ್ ಅನ್ನುತ್ತಾರೆ. ಅಡುಗೆ ಮಾಡುವುದು, ಮೈ ಒರೆಸುವುದು, ಬಟ್ಟೆ ಒಗೆಯುವುದು, ಚೀಟಿ ಹಿಡಿದು ಓಡಾಡುವುದು ಎಲ್ಲ ಅವರದೇ ಕೆಲಸ. ನರ್ಸ್‌ಗಳು ಕಡಿಮೆ, ರೋಗಿಗಳು ಜಾಸ್ತಿ. ಗಾರ್ಡಿಯನ್‌ಗಳು ಇಲ್ಲದಿದ್ದರೆ ವಾರ್ಡುಗಳು ನಡೆಯುವುದೇ ಕಷ್ಟ. ಅವರು ಬೇಯಿಸಿಕೊಳ್ಳಲು ಆಸ್ಪತ್ರೆ ಆವರಣದಲ್ಲೇ ಒಂದು ಕಡೆ ಜಾಗ ಇರುತ್ತದೆ. ಕಲ್ಲಿನ ಒಲೆ, ಸೌದೆ, ಕಣ್ಣು ಬಿಡಲಾಗದಷ್ಟು ಹೊಗೆ.

ಒಂದು ಮಳೆಗಾಲದಲ್ಲಿ ನನಗೆ ಮಲೇರಿಯಾ ಜೋರಾಗಿ ಬಂತು. ನನ್ನ ಗಂಡ ಕೆಲಸದ ಮೇಲೆ ರಾಜಧಾನಿ ಲಿಲಾಂಗ್ವೆಗೆ ಹೋಗಿದ್ದರು. ಪಕ್ಕದ ಮನೆಯ ಅಮಾಯಿ ನನ್ನನ್ನು ಮಿನಿಬಸ್ಸಿಗೆ ಹತ್ತಿಸಿ ಆಸ್ಪತ್ರೆಗೆ ಕರೆದುಕೊಂಡು ಬಂದರು. ಅಲ್ಲಿ ದೊಡ್ಡ ಹೆಂಗಸರನ್ನೆಲ್ಲ ಅಮಾಯಿ ಅಂತಲೇ ಕರೆಯುವುದು, ತಾಯಿ ಅಂತ. ಅವರು ಮಾರ್ಕೆಟ್ಟಿನಲ್ಲಿ ಟೊಮೆಟೊ ಮಾರುವವರು. ಬಿಟ್ಟು ವಾಪಸು ಹೋಗಬೇಕು ಅಂತಲೇ ಬಂದಿದ್ದರು. ಆರ್ಟಿಸುನೇಟ್ ಇಂಜೆಕ್ಷನ್ ಹಿಡಿದು ಬಂದ ನರ್ಸ್ ಮೊದಲು ಕೇಳಿದ್ದು, "ಇವರ ಗಾರ್ಡಿಯನ್ ಯಾರು?" ಅಂತ. ನಾನು ಉತ್ತರ ಹುಡುಕುತ್ತಿದ್ದೆ. ಅಮಾಯಿ, "ನಾನೇ" ಅಂದುಬಿಟ್ಟರು.

ನಾನು ಬಿಡುಗಡೆ ಆಗುವವರೆಗೂ ಅವರು ಅಲ್ಲೇ ಇದ್ದರು. ರಾತ್ರಿ ನನ್ನ ಮಂಚದ ಪಕ್ಕ ಸಿಮೆಂಟ್ ನೆಲದ ಮೇಲೆ ಚಿತೆಂಜೆ ಬಟ್ಟೆ ಹಾಸಿ ಮಲಗುತ್ತಿದ್ದರು. ಬೆಳಗ್ಗೆ ಆ ಹೊಗೆಯಲ್ಲಿ ಕೂತು ಮೆಕ್ಕೆಜೋಳದ ಹಿಟ್ಟಿನ ಗಂಜಿ ಕಾಯಿಸಿ ತರುತ್ತಿದ್ದರು. ವಾಂತಿ ಮಾಡಿಕೊಂಡ ಬಟ್ಟೆಗಳನ್ನು ಒಗೆದರು. ಅಷ್ಟು ದಿನವೂ ಅವರ ಅಂಗಡಿ ಮುಚ್ಚಿತ್ತು. ಟೊಮೆಟೊ ಕೊಳೆಯದೆ ಇರುತ್ತದಾ? ಅದರ ಬಗ್ಗೆ ನಾನು ಕೇಳಿದಾಗ ಅವರು ಗಂಜಿಗೆ ಸಕ್ಕರೆ ಸಾಕಾ ಅಂತ ಕೇಳಿದರು.

ನಮ್ಮ ಸೊಳ್ಳೆಪರದೆ ರಿಜಿಸ್ಟರಿನಲ್ಲಿ ಅವರ ಹೆಸರಿದೆ. 'ಫಲಾನುಭವಿ' ಅನ್ನುವ ಕಾಲಮ್ಮಿನಲ್ಲಿ. ಆ ಪುಟ ಈಗಲೂ ಹಾಗೇ ಇದೆ, ಯಾಕೆಂದರೆ ಅವರು ಪರದೆ ತೆಗೆದುಕೊಂಡದ್ದೂ ನಿಜವೇ. ಆದರೆ ಅದರ ಎದುರಿಗೆ ನನ್ನ ಹೆಸರು ಬರೆಯುವ ಕಾಲಮ್ಮು ಎಲ್ಲಿದೆ ಅಂತ ಹುಡುಕಿದರೆ ಸಿಗುವುದಿಲ್ಲ.

ಆಮೇಲೆ 2023ರ ಮಾರ್ಚ್ ಬಂತು. ಕಾಲರಾ ಇನ್ನೂ ತಣ್ಣಗಾಗಿರಲಿಲ್ಲ. ಹಿಂದಿನ ವರ್ಷ ಶುರುವಾಗಿ 1,700ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ಕಾಲರಾ ಅದು. ಅದರ ಮೇಲೆ ಫ್ರೆಡ್ಡಿ ಚಂಡಮಾರುತ. ಆಸ್ಟ್ರೇಲಿಯಾ ಕಡೆ ಹುಟ್ಟಿ, ಇಡೀ ಹಿಂದೂ ಮಹಾಸಾಗರ ದಾಟಿ, ಮೊಜಾಂಬಿಕ್‌ಗೆ ಎರಡು ಸಲ ಅಪ್ಪಳಿಸಿ ಇಲ್ಲಿಗೆ ಮುಟ್ಟಿತು. ದಾಖಲೆಯಲ್ಲೇ ಇಷ್ಟು ದಿನ ಉಳಿದ ಇನ್ನೊಂದು ಚಂಡಮಾರುತ ಇಲ್ಲ. ಬ್ಲಾಂಟೈರ್‌ನ ಚಿಲೋಬ್ವೆ ಕಡೆ ಬೆಟ್ಟದ ಮಣ್ಣು, ಬಂಡೆ ಎಲ್ಲ ಮನೆಗಳ ಮೇಲೆ ಇಳಿದವು. ದೇಶದಲ್ಲಿ ಸತ್ತವರು, ಕಾಣೆಯಾದವರು ಸೇರಿ ಸಾವಿರಕ್ಕೂ ಹೆಚ್ಚು. 5 ಲಕ್ಷಕ್ಕೂ ಹೆಚ್ಚು ಜನ ಮನೆ ಕಳೆದುಕೊಂಡು ಶಾಲೆ, ಚರ್ಚುಗಳಲ್ಲಿ ಕೂತರು. ಆಗ ನೀವು ಕಳುಹಿಸಿದ ಹಣ ಎಷ್ಟು ಬೇಗ ಬಂತು ಅಂದರೆ, ರಸ್ತೆ ಸರಿಯಾಗುವ ಮೊದಲೇ ಕಂಬಳಿ ಕೊಳ್ಳಲು ದುಡ್ಡು ರೆಡಿ ಇತ್ತು. ಅದನ್ನು ನಾವು ಮರೆಯುವುದಿಲ್ಲ.

ಅಪೊಸ್ತಲರ ಕೃತ್ಯಗಳು 28ನೇ ಅಧ್ಯಾಯವನ್ನು ಆ ದಿನಗಳಲ್ಲಿ ಚರ್ಚಿನಲ್ಲಿ ಓದಿದರು. ಹಡಗು ಒಡೆದು ಪೌಲ ಮಾಲ್ಟಾ ದ್ವೀಪ ಸೇರುತ್ತಾನೆ. ಮಳೆ, ಚಳಿ. ಅವನ ದೇವರನ್ನೇ ಅರಿಯದ ಆ ದ್ವೀಪದ ಜನ ಬೆಂಕಿ ಹಾಕಿ ಎಲ್ಲರನ್ನೂ ಕೂರಿಸಿಕೊಳ್ಳುತ್ತಾರೆ. ಪೌಲ ಮೊದಲು ಮಾಡಿದ್ದು ಪ್ರಸಂಗ ಅಲ್ಲ. ಅವರ ಬೆಂಕಿಗೆ ಕಡ್ಡಿ ಆರಿಸಿ ತಂದ. ನನಗೆ ಆ ಪೌಲ ತುಂಬಾ ಇಷ್ಟ. ಪತ್ರ ಬರೆಯುವ ಪೌಲನಿಗಿಂತ ಒಂದು ಕೈ ಹೆಚ್ಚೇ.

ಈಗ ಸಿಮೆಂಟಿನ ವಿಷಯ. ಇದನ್ನು ನಿಮಗೆ ಹೇಳಲೇಬೇಕು, ದುಡ್ಡು ನಿಮ್ಮದು. ಚರ್ಚಿನ ಬಿದ್ದ ಗೋಡೆಗೆ ಅಂತ ತರಿಸಿದ ಸಿಮೆಂಟಿನಲ್ಲಿ ಎರಡು ಚೀಲ ಕಾಣೆಯಾದವು. ಯಾರು ತೆಗೆದರು ಅಂತ ಎಲ್ಲರಿಗೂ ಗೊತ್ತಿತ್ತು. ಅಲ್ಲಿಯ ನಮ್ಮ ಸಭೆಯವರೇ ಒಬ್ಬರು. ಕಳ್ಳ ಅಂತ ಹೆಸರು ಬಿದ್ದರೆ ಗುಂಪು ಸೇರಿ ಹೊಡೆಯುವುದೂ ಉಂಟು, ಭಯ ಇದ್ದೇ ಇತ್ತು. ಸಭೆಯ ಹಿರಿಯರೊಬ್ಬರು ಕತ್ತಲಾದ ಮೇಲೆ, ಯಾರ ಕಣ್ಣಿಗೂ ಬೀಳದ ಹಾಗೆ, ಆ ಮನೆಗೆ ಹೋಗಿ ಬಂದರು. ಬೆಳಗ್ಗೆ ನನ್ನ ಗಂಡನನ್ನು ಕೇಳಿದರು: "ಇನ್ನೊಂದು ಚೀಲ ಸಿಗುತ್ತದಾ? ಅವರ ಹಿಂದಿನ ಗೋಡೆ ಅರ್ಧಕ್ಕೇ ನಿಂತಿದೆ."

ನನ್ನ ಗಂಡನಿಗೆ ಲೆಕ್ಕ ಅಂದರೆ ಲೆಕ್ಕ. ಇದನ್ನು ಯಾವ ತಲೆಬರಹದಡಿ ಬರೆಯುವುದು ಅಂತ ತಲೆ ಕೆರೆದುಕೊಂಡರು. ಹಿರಿಯರು ಅದಕ್ಕೂ ದಾರಿ ತೋರಿಸಿದರು. ಮೂರು ಚೀಲದ ಬೆಲೆಗೆ ಆ ಮನುಷ್ಯ ಚರ್ಚಿನ ಗೋಡೆಯಲ್ಲಿ ಕೂಲಿ ಮಾಡಬೇಕು. ಮಾಡಿದರು. ಗೋಡೆ ಮುಗಿಯುವವರೆಗೆ ದಿನಾ ಬಂದರು. ಆ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಕರುಣೆ ಅಂದರೆ ತಪ್ಪನ್ನು ಕಂಡೂ ಕಾಣದ ಹಾಗಿರುವುದು ಅಂತ ಕೆಲವರು ಅಂದುಕೊಳ್ಳುತ್ತಾರೆ. ಈ ಹಿರಿಯರು ತಪ್ಪನ್ನೂ ನೋಡಿದರು, ಸೋರುತ್ತಿದ್ದ ಮನೆಯನ್ನೂ ನೋಡಿದರು. ನಿಮಗೆ ಬಂದ ವರದಿಯಲ್ಲಿ 'ಮನೆ ದುರಸ್ತಿ, 3 ಚೀಲ' ಅಂತ ಇದ್ದದ್ದು ಇದೇ.

ಇದೇ ಊರಿನಲ್ಲಿ ಕಳ್ಳತನಕ್ಕೆ ಬೇರೆ ತರದ ತೀರ್ಪೂ ಆಗಿದೆ. ಅದನ್ನು ತೀರ್ಮಾನಿಸಿದವರು ನಮ್ಮಂಥವರೇ. ಸ್ಕಾಟ್ಲೆಂಡಿನ ಮಿಷನರಿಗಳು ಇಲ್ಲಿ ನೆಲೆ ನಿಂತದ್ದು 1876ರಲ್ಲಿ. ಅವರದೇ ನಾಡಿನ ಮಿಷನರಿ ಡೇವಿಡ್ ಲಿವಿಂಗ್‌ಸ್ಟನ್ ಹುಟ್ಟಿದ ಊರಿನ ಹೆಸರನ್ನೇ ಇದಕ್ಕೂ ಇಟ್ಟರು. ಮೊದಲ ಕೆಲವು ವರ್ಷ ಮಿಷನ್ನೇ ಕೋರ್ಟು, ಮಿಷನ್ನೇ ಪೊಲೀಸು. ಆರೋಪ ಬಂದವರಿಗೆ ಚಾಟಿಯೇಟು ಹಾಕಿಸಿದರು. ಪ್ರಾಣವೂ ಹೋಯಿತು. ಸುದ್ದಿ ಸ್ಕಾಟ್ಲೆಂಡಿಗೆ ಮುಟ್ಟಿ, ವಿಚಾರಣೆ ನಡೆದು, 1881ರಲ್ಲಿ ಮಿಷನ್ನಿನ ಮುಖ್ಯಸ್ಥರನ್ನೇ ತೆಗೆದುಹಾಕಿದರು. ಆಮೇಲೆ ಬಂದವರು ಡೇವಿಡ್ ಕ್ಲೆಮೆಂಟ್ ಸ್ಕಾಟ್. ಕಟ್ಟಡದ ಕೆಲಸ ಓದಿದವರಲ್ಲ. ಊರಿನ ಕೆಲಸಗಾರರ ಜೊತೆ ಸೇರಿ 1888ರಿಂದ 1891ರ ನಡುವೆ ಅವರು ಕಟ್ಟಿಸಿದ ಇಟ್ಟಿಗೆಯ ಚರ್ಚು ಇವತ್ತಿಗೂ ಇದೆ. ನೋಡಲು ಬಂದವರಿಗೆ ಚರ್ಚಿನ ಕಥೆ ಹೇಳುತ್ತೇವೆ, ಚಾಟಿಯ ಕಥೆ ಬಿಡುತ್ತೇವೆ. ಎರಡನ್ನೂ ಹೇಳಬೇಕು ಅಂತ ನನ್ನ ಅಭಿಪ್ರಾಯ. ಚಾಟಿ ಹಾಕಿಸಿದವರೂ ದಿನಾ ಬೈಬಲ್ ಓದುತ್ತಿದ್ದವರೇ ಅಲ್ವಾ? ಈ ಊರಿನವರ ನೀರು ಕುಡಿದೇ ಬದುಕಿದ್ದೇವೆ ಅನ್ನುವುದು ನೆನಪಿದ್ದಿದ್ದರೆ ಅಷ್ಟು ಸಲೀಸಾಗಿ ಕೈ ಎತ್ತುತ್ತಿರಲಿಲ್ಲವೇನೋ.

2023ರ ನವೆಂಬರ್‌ನಲ್ಲಿ ಮಲಾವಿಯ ನಾಣ್ಯ ಕ್ವಾಚಾದ ಬೆಲೆ ಇಳಿಸಿದರು. ಡಾಲರಿಗೆ ಸುಮಾರು 1,180 ಇದ್ದದ್ದು 1,700 ಆಯಿತು. ಹೊರಗಿನಿಂದ ದುಡ್ಡು ಬರುವ ನಮಗೆ ಕಾಗದದ ಮೇಲೆ ಲಾಭ. ಅಕ್ಕಪಕ್ಕದವರಿಗೆ ಹಿಟ್ಟು, ಎಣ್ಣೆ, ಬಸ್ಸು ಎಲ್ಲ ತುಟ್ಟಿ. ಅದರ ಹಿಂದೆಯೇ ಹಸಿವಿನ ತಿಂಗಳುಗಳು. ಹಳೆ ಜೋಳ ಮುಗಿದಿರುತ್ತದೆ, ಹೊಸ ಬೆಳೆ ಇನ್ನೂ ಹೊಲದಲ್ಲಿರುತ್ತದೆ. ಅಂಥ ಸಮಯದಲ್ಲಿ ನನ್ನ ಅಪ್ಪ ತೀರಿಕೊಂಡ ಸುದ್ದಿ ಬಂತು. ಹೋಗಿ ಮುಖ ನೋಡುವ ಹಾಗಿರಲಿಲ್ಲ.

ನಾವು ಯಾರಿಗೂ ಹೇಳಿ ಕಳುಹಿಸಲಿಲ್ಲ. ಆದರೂ ಹೆಂಗಸರು ಬಂದರು. ಒಳಗೆ ಬಂದು ನೆಲದ ಮೇಲೆ ನನ್ನ ಸುತ್ತ ಕೂತರು. ಗಂಡಸರು ಹೊರಗೆ ಕೂತರು. ಸಾವಿನ ಮನೆ ಅಂದರೆ ಅಲ್ಲಿ ಹಾಗೆಯೇ. ಇಲ್ಲಿ ಹೆಣ ಇರಲಿಲ್ಲ, ಸತ್ತವರನ್ನು ಅವರು ಕಂಡವರೂ ಅಲ್ಲ. ಒಬ್ಬೊಬ್ಬರೂ ಸ್ವಲ್ಪ ಹಿಟ್ಟು ತಂದಿದ್ದರು, ಕೆಲವರು ಸೌದೆ. ಯಾರ ಮನೆಯ ಡಬ್ಬದಲ್ಲಿ ಎಷ್ಟು ಉಳಿದಿತ್ತು ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಬೇಡ ಅನ್ನಲು ಬಾಯಿ ತೆರೆದೆ. ಟೊಮೆಟೊ ಅಮಾಯಿ ಸುಮ್ನೆ ನನ್ನ ಕೈ ಅದುಮಿದರು. ಹಾಡಿದರು, ಪ್ರಾರ್ಥಿಸಿದರು, ಅಡುಗೆ ಮಾಡಿ ನಮ್ಮಿಬ್ಬರಿಗೂ ಉಣ್ಣಿಸಿದರು. ನಮ್ಮ ಮನೆಗೆ ಬಂದ ಹಿಟ್ಟು ಆ ದೇಶದಲ್ಲಿ ನಾವು ಹಂಚಿದ ಯಾವ ಸಾಮಾನಿಗಿಂತಲೂ ದುಬಾರಿ.

ಭಾರತದವರು ಅಂದರೆ ಅಲ್ಲಿ ತಲೆಮಾರುಗಳಿಂದ ಅಂಗಡಿ ನಡೆಸಿಕೊಂಡು ಬಂದವರು ಅಂತಲೇ ಲೆಕ್ಕ. ಬಂದ ಹೊಸದರಲ್ಲಿ ಮಕ್ಕಳು ನಿಮ್ಮ ಅಂಗಡಿ ಯಾವುದು ಅಂತ ಕೇಳುತ್ತಿದ್ದರು. ಅಂಗಡಿ ಇಲ್ಲ ಅಂದರೆ ಪಾಪ ಅಂತ ನೋಡುತ್ತಿದ್ದರು. ಆ ಮಕ್ಕಳಿಗೂ ಥ್ಯಾಂಕ್ಸ್. ತಪ್ಪು ತಪ್ಪು ಚಿಚೇವಾ ಮಾತಾಡಿದಾಗ ನಗದೆ ತಿದ್ದಿದ ಕ್ಲಿನಿಕ್ಕಿನ ಆಯಾಗೂ, ಪೆಟ್ರೋಲ್ ಕ್ಯೂನಲ್ಲಿ ನಮಗಾಗಿ ರಾತ್ರಿಯಿಡೀ ಕಾರಿನಲ್ಲೇ ಮಲಗಿದ ಡ್ರೈವರ್‌ಗೂ ಋಣಿ.

ನಿಮಗೆ ಏನು ಹೇಳಲಿ? ಪ್ರತಿ ತಿಂಗಳು ತಪ್ಪದೆ ಕಾಣಿಕೆ ಕಳುಹಿಸಿದಿರಿ. ಅಪ್ಪನ ಮಣ್ಣಿಗೆ ನಾವು ಬಾರದಿದ್ದಾಗ ನಮ್ಮ ಪರವಾಗಿ ನಿಂತಿರಿ. ದೇವರು ನಿಮ್ಮನ್ನು ಆಶೀರ್ವದಿಸಲಿ.

ಕೊನೆಯದಾಗಿ ಲೆಕ್ಕ. ನಮ್ಮ ಖಾತೆಯಲ್ಲಿ ಉಳಿದಿದ್ದ ಹಣವನ್ನು, ಕಮಿಟಿಯವರನ್ನು ಕೇಳಿಯೇ, ಆಸ್ಪತ್ರೆಯಲ್ಲಿ ಗಾರ್ಡಿಯನ್‌ಗಳು ಅಡುಗೆ ಮಾಡುವ ಜಾಗದ ಸೌದೆಗೆ ಕೊಟ್ಟಿದ್ದೇವೆ. ರಸೀದಿ ಮಾತ್ರ ಕೇಳಬೇಡಿ. ಸೌದೆ ಮಾರುವವರು ಅದನ್ನು ಕೊಡುವುದಿಲ್ಲ.