ನಗೆಹನಿಗಳ ಕುರಿತು ಸದಸ್ಯರಿಗೆ ಸೂಚನೆ

ಎಲ್ಲ ಸದಸ್ಯರಿಗೂ ನಮಸ್ಕಾರ.

ಧಾರವಾಡದ ಮಾತಿನ ಧಾಟಿಯನ್ನು ಅಣಕಿಸಿ ಕಳೆದ ವಾರ ನಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಂದ ನಗೆಹನಿಯಿಂದ ಕೆಲವರು ನೊಂದುಕೊಂಡರು; ಅದರ ಬೆನ್ನಲ್ಲೇ, ಗುಂಪಿನಲ್ಲಿ ಇನ್ನು ಹಾಸ್ಯವೇ ಬೇಡ ಎಂಬ ಸಲಹೆಯೂ ಬಂದಿದೆ. ಹಾಸ್ಯವನ್ನು ನಿಲ್ಲಿಸುವುದಿಲ್ಲ. ವೈದ್ಯರಾಗಿದ್ದ ಹಾಸ್ಯಸಾಹಿತಿ ರಾಶಿ (ಡಾ. ಎಂ. ಶಿವರಾಂ) ಅವರು 1942ರಲ್ಲಿ ಆರಂಭಿಸಿದ ‘ಕೊರವಂಜಿ’ ಹಾಸ್ಯಕ್ಕೆಂದೇ ಮೀಸಲಾದ ಪತ್ರಿಕೆಯಾಗಿ ವರ್ಷಾನುಗಟ್ಟಲೆ ನಡೆದ ನಾಡು ನಮ್ಮದು, ಆ ನಗುವನ್ನು ಅಂಜಿಕೆಯಿಂದ ಕೈಬಿಡುವುದು ನನಗಂತೂ ಸರಿಯೆನಿಸುವುದಿಲ್ಲ.

ಬರುವ ಭಾನುವಾರದಿಂದ ಎಲ್ಲ ಸದಸ್ಯರೂ ಹೀಗೆ ನಡೆದುಕೊಳ್ಳಬೇಕೆಂದು ಕೋರುತ್ತೇನೆ. ಜಾತಿ, ಮೈಬಣ್ಣ, ಅಂಗವೈಕಲ್ಯ, ಆಡುಮಾತು ಇವುಗಳನ್ನು ಹೀಗಳೆಯುವ ನಗೆಹನಿಗಳನ್ನು ಹಾಕಬಾರದು. ನಮ್ಮನಮ್ಮ ಪೇಚಾಟಗಳು, ಕಚೇರಿಯ ಕಡತಗಳು, ಅಧಿಕಾರದಲ್ಲಿರುವವರ ನಡೆ, ಇವುಗಳ ಬಗ್ಗೆ ಧಾರಾಳವಾಗಿ ನಗಬಹುದು. ಬರಹದಲ್ಲಿ ಹೇಳುವವರ ದನಿಯಾಗಲಿ ಮುಖಭಾವವಾಗಲಿ ಕಾಣದಿರುವುದರಿಂದ, ಎದುರಿಗೆ ಹೇಳಿದ್ದರೆ ಎಲ್ಲರೂ ನಕ್ಕುಬಿಡುತ್ತಿದ್ದ ಮಾತೂ ಇಲ್ಲಿ ಚುಚ್ಚಬಹುದು; ಆದ್ದರಿಂದ ಯಾರಿಗಾದರೂ ಬೇಸರವಾದರೆ ಮೊದಲು ಕಳುಹಿಸಿದವರಿಗೇ ಖಾಸಗಿಯಾಗಿ ತಿಳಿಸಿ. ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದವರು 15 ನಿಮಿಷದೊಳಗೆ ಸಂದೇಶವನ್ನು ತಿದ್ದಬಹುದು, ಆಮೇಲೂ ಸುಮಾರು ಎರಡು ದಿನಗಳವರೆಗೆ ಅದನ್ನು ಯಾರಿಗೂ ಕಾಣದಂತೆ ಅಳಿಸಬಹುದು. ಅವರು ಸ್ಪಂದಿಸದಿದ್ದರೆ ಮಾತ್ರ ಅಡ್ಮಿನ್‌ಗಳು ಅಳಿಸುತ್ತಾರೆ. ಕೇವಲ ರುಚಿಸಲಿಲ್ಲ ಎಂಬ ಕಾರಣಕ್ಕೆ ಯಾವ ನಗೆಹನಿಯನ್ನೂ ತೆಗೆಯುವುದಿಲ್ಲ.

ಗುಂಪು ಬಿಟ್ಟು ಹೋಗುವ ಮುನ್ನ ದಯವಿಟ್ಟು ಅಡ್ಮಿನ್‌ಗಳಲ್ಲಿ ಒಬ್ಬರಿಗೆ ಕರೆ ಮಾಡಿ.

ಒಪ್ಪಿಗೆಯಿದ್ದವರು ‘ಸರಿ’ ಎಂದೂ, ತಿದ್ದುಪಡಿ ಬೇಕೆನ್ನುವವರು ಅದನ್ನು ಬರೆದೂ ಶನಿವಾರ ರಾತ್ರಿ 8 ಗಂಟೆಯೊಳಗೆ ಉತ್ತರಿಸಬೇಕಾಗಿ ವಿನಂತಿ.