ಬಿಸಿಲು ಜಾಸ್ತಿ ಇದೆ, ಇವತ್ತು ಓಡ್ಬೇಡಿ ಅಂತ ಹೇಳೋರು ಬೇಕು

ಸಂಪಾದಕರಿಗೆ ನಮಸ್ಕಾರ,

ಕಳೆದ ಏಪ್ರಿಲ್‌ನಲ್ಲಿ ನಮ್ಮ ಕಡೆ ಒಂದು 10ಕೆ, ಅಂದ್ರೆ ಹತ್ತು ಕಿಲೋಮೀಟರ್ ಓಟ ಇತ್ತು, ಯಾರು ನಡೆಸಿದ್ದು ಅನ್ನೋದು ಇಲ್ಲಿ ಬೇಡ. ಆರು ಗಂಟೆಗೆ ಶುರು ಅಂದಿದ್ರು, ಮುಖ್ಯ ಅತಿಥಿಗಳು ಬಂದು ಭಾಷಣ ಮುಗಿಸಿ ಬಾವುಟ ತೋರಿಸೋ ಹೊತ್ತಿಗೆ ಏಳೂವರೆ ದಾಟಿತ್ತು. ಎಂಟನೇ ಕಿಲೋಮೀಟರ್ ಹತ್ರ ನನ್ನ ಮುಂದೆ ಓಡ್ತಿದ್ದ ಹುಡುಗ, ಇಪ್ಪತ್ತೆರಡು ವಯಸ್ಸಿರಬಹುದು, ಅಡ್ಡಾದಿಡ್ಡಿ ಹೆಜ್ಜೆ ಹಾಕಿ ಡಿವೈಡರ್ ಪಕ್ಕ ಕುಸಿದುಬಿದ್ದ. ಹೆಸರು ಕೇಳಿದ್ರೆ ಏನೇನೋ ಬಡಬಡಿಸ್ತಿದ್ದ, ಮೈ ಕೆಂಡದ ಹಾಗೆ ಸುಡ್ತಿತ್ತು. ಸುತ್ತ ಇದ್ದೋರು ಬಾಯಿಗೆ ನೀರು ಹಾಕೋಕೆ ಹೋದ್ರು, ನಾನು ಬೇಡ ಅಂತ ತಡೆದು ಟೀ ಅಂಗಡಿಯವರ ಡ್ರಮ್ಮಿನಿಂದ ನೀರು ತಂದು ಮೈಮೇಲೆ ಸುರೀತಾ ಇದ್ದೆ, ಐಸ್ ಕೇಳಿದ್ರೆ ಎಲ್ಲೂ ಇಲ್ಲ. ಹುಡುಗ ಉಳ್ಕೊಂಡ, ದೇವರು ದೊಡ್ಡವನು.

ಆವತ್ತಿಂದ ನಂಗೆ ಅಮೆರಿಕದ ಬಾಸ್ಟನ್‌ನಲ್ಲಿ 2012ರಲ್ಲಿ ಓಡಿದ 42 ಕಿಲೋಮೀಟರ್ ಮ್ಯಾರಥಾನ್ ನೆನಪಾಗ್ತಾನೇ ಇದೆ. ಆಗ ಕೆಲಸದ ಮೇಲೆ ಅಲ್ಲಿದ್ದೆ, ಚಳಿಗಾಲ ಪೂರ್ತಿ ಹಿಮದ ರಸ್ತೆ ಮೇಲೆ ಪ್ರಾಕ್ಟೀಸ್ ಮಾಡಿದ್ದೆ. ಏಪ್ರಿಲ್ 16ಕ್ಕೆ ಓಟ, ಆ ದಿನ ಬಿಸಿಲು 31 ಡಿಗ್ರಿ ಹತ್ರ ಹೋಯ್ತು. ನಮಗೆ 31 ಏನು ಮಹಾ ಅನ್ಸುತ್ತೆ, ಆದ್ರೆ ಮೈ ಬಿಸಿಲಿಗೆ ಒಗ್ಗೋಕೆ ಹತ್ತು ಹದಿನಾಲ್ಕು ದಿನ ಬೇಕು, ಹಿಮದಲ್ಲಿ ಓಡಿದ ದೇಹಕ್ಕೆ ಅದು ಬೆಂಕಿ, ಅದೂ ಬೆಳಗ್ಗೆ ಹತ್ತರ ಮೇಲೆ ಶುರುವಾಗೋ ಓಟ. ಹಿಂದಿನ ವರ್ಷ ಇದೇ ರಸ್ತೆಯಲ್ಲಿ 2 ಗಂಟೆ 3 ನಿಮಿಷದಲ್ಲಿ ಗೆದ್ದಿದ್ದ ಕೀನ್ಯಾದ ಜೆಫ್ರಿ ಮುಟಾಯ್ ಅವತ್ತು ಅರ್ಧಕ್ಕೇ ನಿಲ್ಲಿಸಿಬಿಟ್ರು, ಗೆದ್ದ ವೆಸ್ಲಿ ಕೊರಿರ್‌ಗೆ 2 ಗಂಟೆ 12 ನಿಮಿಷ 40 ಸೆಕೆಂಡ್ ಬೇಕಾಯ್ತು. ಎರಡು ಸಾವಿರಕ್ಕೂ ಜಾಸ್ತಿ ಜನಕ್ಕೆ ಚಿಕಿತ್ಸೆ ಕೊಡಬೇಕಾಯ್ತು. ದಾರಿಯುದ್ದಕ್ಕೂ ಮನೆಯವರು ಪೈಪ್ ಹಿಡ್ಕೊಂಡು ನಿಂತಿದ್ರು, ಪುಟ್ಟ ಮಕ್ಕಳು ಐಸ್ ತುಂಡು ಕೈಗೆ ಕೊಡ್ತಿದ್ರು, ದಾರೀಲಿ ಸಿಗೋ ನ್ಯೂಟನ್ ಊರಿನ ಏರಿನಲ್ಲಿ ನಾನು ನಡೆದೇ ಹೋದೆ, ಒಂದಿಷ್ಟೂ ಬೇಜಾರಾಗಲಿಲ್ಲ.

ಯಾಕಂದ್ರೆ ನಡೀರಿ ಅಂತ ಓಟ ನಡೆಸೋರೇ ಮೊದಲೇ ಹೇಳಿದ್ರು. ಓಟಕ್ಕೆ ಮುಂಚೇನೇ ಆಯೋಜಕರಿಂದ ಮೇಲ್ ಬಂತು, ಇದನ್ನ ರೇಸ್ ಅನ್ಕೋಬೇಡಿ, ಆರೋಗ್ಯ ಸರಿ ಇಲ್ದೋರು ಬರಲೇಬೇಡಿ, ಓಡ್ದೇ ಇದ್ರೆ ನಿಮ್ಮ ಜಾಗ 2013ಕ್ಕೆ ಇಟ್ಟಿರ್ತೀವಿ ಅಂತ. ಹೆಸರು ಕೊಟ್ಟಿದ್ದೋರಲ್ಲಿ ಸುಮಾರು 4300 ಜನ ಅವತ್ತು ಓಡಲೇ ಇಲ್ಲ. ವರ್ಷಗಟ್ಟಲೆ ಬೆವರು ಸುರಿಸಿ ಗಿಟ್ಟಿಸಿದ ಜಾಗ ಕೈತಪ್ಪಲ್ಲ ಅಂತ ಗೊತ್ತಾದ್ರೆ ತಾನೇ ಮನುಷ್ಯ ಮನೇಲಿ ಕೂರೋದು? ನಮ್ಮಲ್ಲಿ ಕಟ್ಟಿದ ದುಡ್ಡು ವಾಪಸ್ ಇಲ್ಲ, ಮುಂದಿನ ವರ್ಷಕ್ಕೂ ಇಲ್ಲ, ಹಾಗಾಗಿ ಜ್ವರ ಬಂದೋನೂ ಮಾತ್ರೆ ನುಂಗಿ ಬಂದು ನಿಲ್ತಾನೆ.

ಐಸ್ ವಿಷಯ ಇನ್ನೊಂದ್ಸಲ ಹೇಳ್ಬೇಕು. ಬಿಸಿಲಲ್ಲಿ ಓಡ್ತಾ ಒಳಗಿನ ಉಷ್ಣ 40 ಡಿಗ್ರಿ ದಾಟಿ ಮಾತು ತಡವರಿಸೋಕೆ ಶುರುವಾದ್ರೆ ಅಲ್ಲೇ ಐಸ್ ನೀರಿನ ಟಬ್‌ನಲ್ಲಿ ಕೂರಿಸಿ ಮೈ ತಣ್ಣಗೆ ಮಾಡ್ಬೇಕು, ಆಸ್ಪತ್ರೆ ಆಮೇಲೆ. ಬಾಸ್ಟನ್ ಇರೋ ಮ್ಯಾಸಚೂಸೆಟ್ಸ್ ರಾಜ್ಯದಲ್ಲೇ ಫಾಲ್ಮತ್ ಅನ್ನೋ ಊರಲ್ಲಿ ಆಗಸ್ಟ್ ಸೆಖೆಯಲ್ಲಿ 7 ಮೈಲಿ ಓಟ ನಡೆಯುತ್ತೆ, 18 ವರ್ಷದ ಲೆಕ್ಕ ತೆಗೆದಾಗ 274 ಜನಕ್ಕೆ ಹೀಗೆ ಆಗಿತ್ತು, ಐಸ್ ನೀರಲ್ಲಿ ಕೂರಿಸಿದ್ರಿಂದ ಅಷ್ಟೂ ಜನ ಬದುಕಿದ್ರು. 274ಕ್ಕೆ 274. ಇದನ್ನ ಓದಿದಾಗ ಆ ಡಿವೈಡರ್ ಪಕ್ಕದ ಹುಡುಗ ಕಣ್ಮುಂದೆ ಬಂದ. ಒಂದು ದೊಡ್ಡ ಪ್ಲಾಸ್ಟಿಕ್ ಟಬ್ಬು, ನಾಲ್ಕು ಮೂಟೆ ಐಸು, ಅದನ್ನ ಬಳಸೋಕೆ ಗೊತ್ತಿರೋ ಇಬ್ಬರು, ಇಷ್ಟೇ ಕಣ್ರೀ.

ಶಿಕಾಗೋದಲ್ಲಿ 2007ರ ಅಕ್ಟೋಬರ್‌ನಲ್ಲಿ ಸೆಖೆ ತಡೀಲಾರದೆ ಓಟವನ್ನೇ ಮಧ್ಯದಲ್ಲಿ ನಿಲ್ಲಿಸಿದ್ರು. ಈಗ ಅಲ್ಲಿ ಹಸಿರು, ಹಳದಿ, ಕೆಂಪು, ಕಪ್ಪು ಅಂತ ಬಣ್ಣದಲ್ಲಿ ಎಚ್ಚರಿಕೆ ಕೊಡ್ತಾರೆ, ಕಪ್ಪು ಅಂದ್ರೆ ಓಟ ಬಂದ್. ನಮ್ಮ ಜಿಲ್ಲಾಡಳಿತ ಓಟಕ್ಕೆ ಪರ್ಮಿಷನ್ ಕೊಡೋವಾಗ ರಸ್ತೆ, ಟ್ರಾಫಿಕ್ ಎಲ್ಲಾ ಕೇಳುತ್ತಲ್ಲ, ಈ ಐಸು, ಬಣ್ಣದ ಎಚ್ಚರಿಕೆ ವಿಷಯಾನೂ ಕೇಳ್ಲಿ, ಜೊತೆಗೆ ಮಾರ್ಚಿಂದ ಮೇ ತನಕ ಐದೂವರೆಗೇ ಬಾವುಟ ತೋರಿಸ್ಬೇಕು ಅಂತಾನೂ ಬರೀಲಿ, ಅತಿಥಿಗಳು ಬಂದಿರ್ಲಿ ಬರ್ದೇ ಇರ್ಲಿ.

ಮುಂದಿನ ಓಟದ ಪೋಸ್ಟರ್ ಆಗ್ಲೇ ಬಂದಿದೆ. ಐಸ್ ಟಬ್ ಎಲ್ಲೆಲ್ಲಿ ಇಡ್ತೀರ ಅಂತ ಕೇಳಿ ಮೇಲ್ ಹಾಕಿದ್ದೀನಿ, ಉತ್ತರ ಬಂದ್ಮೇಲೇ ನಾನು ದುಡ್ಡು ಕಟ್ಟೋದು.

– ಒಬ್ಬ ಓಟಗಾರ, ದಾವಣಗೆರೆ