ಕಿಡ್ನಿ ಕೆಟ್ಟರೆ ಎಲ್ಲವನ್ನೂ ಶುಗರ್ ಮೇಲೆ ಹಾಕಬೇಡಿ

ಮಾನ್ಯ ಸಂಪಾದಕರೇ,

ನಮ್ಮ ಅಪ್ಪಯ್ಯನಿಗೆ 14 ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ಹೋದ ವರ್ಷ ಅಡಿಕೆ ಕೊನೆ (ಗೊನೆ) ಕೊಯ್ಲಿನ ಹೊತ್ತಿಗೆ ಬೆನ್ನು ನೋವು ಶುರುವಾಯಿತು. ಮೂಟೆ ಎತ್ತಿದ್ದಕ್ಕೆ ಅಂದುಕೊಂಡೆವು. ಪೇಟೆಯ ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತಂದು ಎರಡು ತಿಂಗಳು ನುಂಗಿದರು. ಆಮೇಲೆ ಮುಖ ಬಿಳಿಚಿಕೊಂಡಿತು. ತೋಟದಿಂದ ಮನೆಗೆ ಹತ್ತಿ ಬರಲು ಏದುಸಿರು. ರಕ್ತ ಪರೀಕ್ಷೆ ಮಾಡಿಸಿದರೆ, ಆರು ವಾರದ ಹಿಂದೆ 1.3 ಇದ್ದ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕುವ ಕಸ, ಕಿಡ್ನಿ ಸೋತರೆ ರಕ್ತದಲ್ಲಿ ಏರುತ್ತದೆ) 4.8 ಆಗಿತ್ತು.

'ಹಳೇ ಶುಗರ್ ಅಲ್ವಾ, ಕಿಡ್ನಿಗೆ ಬಂದಿದೆ' ಎಂದರು ನೋಡಿದ ವೈದ್ಯರು. ನಾವೂ ನಂಬಿದೆವು. ಬೆನ್ನು ನೋವನ್ನು, ರಕ್ತ ಕಡಿಮೆಯಾಗಿದ್ದನ್ನು ಕಿಡ್ನಿಯ ಜೊತೆ ಸೇರಿಸಿ ಯಾರೂ ಯೋಚಿಸಲಿಲ್ಲ. ಇನ್ನೊಬ್ಬ ವೈದ್ಯರು ಆ ಮೂರನ್ನೂ ಸೇರಿಸಿ ನೋಡಿದ ಮೇಲೆ ಗೊತ್ತಾಯಿತು, ಅದು ಮೈಲೋಮಾ. ಮೂಳೆಯ ಮಜ್ಜೆಯಲ್ಲಿ ಹುಟ್ಟುವ ಒಂದು ಬಗೆಯ ಕ್ಯಾನ್ಸರ್. ಅಷ್ಟರಲ್ಲಿ ಡಯಾಲಿಸಿಸ್ ಶುರುವಾಗಿತ್ತು.

ಈ ಎರಡು ಕಾಯಿಲೆಗಳೂ ಕಿಡ್ನಿಯನ್ನೇ ಹಿಡಿಯುತ್ತವೆ, ಆದರೆ ದಾರಿ ಬೇರೆ. ಸಕ್ಕರೆ ಕಾಯಿಲೆ ನಿಧಾನ. ರಕ್ತ ಸೋಸುವ ಸಣ್ಣ ಜಾಲರಿಗಳನ್ನು ವರ್ಷಗಟ್ಟಲೆ ಹಾಳು ಮಾಡುತ್ತದೆ. ಮೊದಲು ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಸೋರುತ್ತದೆ. ಕ್ರಿಯಾಟಿನಿನ್ ಏರುವುದು ಬಹಳ ತಡವಾಗಿ, ಹೆಚ್ಚಿನವರಲ್ಲಿ ಅರ್ಧ ಕೆಲಸ ನಿಂತ ಮೇಲೆ. ಹಾಗಾಗಿ ಸಕ್ಕರೆ ಕಾಯಿಲೆಯವರು ವರ್ಷಕ್ಕೊಮ್ಮೆ ಮೂತ್ರದ ಆಲ್ಬುಮಿನ್ ನೋಡಿಸಲೇಬೇಕು. ಮೂತ್ರದಲ್ಲಿರುವ ಒಂದು ಗ್ರಾಂ ಕ್ರಿಯಾಟಿನಿನ್‌ಗೆ ಆಲ್ಬುಮಿನ್ 30 ಮಿಲಿಗ್ರಾಂ ದಾಟಿದರೆ ಎಚ್ಚರವಾಗಬೇಕು. ನಮ್ಮ ಮನೆಯಲ್ಲಿ 14 ವರ್ಷದಲ್ಲಿ ಒಮ್ಮೆಯೂ ಇದನ್ನು ಮಾಡಿಸಿರಲಿಲ್ಲ. ಹೆಚ್ಚಾಗಿ ಬರೀ ಶುಗರ್ ನೋಡಿಸಿ ಬರುತ್ತಿದ್ದೆವು.

ಮೈಲೋಮಾ ಕಾಯುವುದಿಲ್ಲ. ಕೆಟ್ಟ ಜೀವಕೋಶಗಳು ಒಂದು ಬಗೆಯ ಪ್ರೋಟೀನಿನ ತುಣುಕುಗಳನ್ನು (ಲೈಟ್ ಚೈನ್) ರಾಶಿ ರಾಶಿ ತಯಾರಿಸುತ್ತವೆ. ಅವು ಕಿಡ್ನಿಯ ಸಣ್ಣ ನಾಳಗಳಲ್ಲಿ ಗಟ್ಟಿಯಾಗಿ ಕಟ್ಟಿಕೊಳ್ಳುತ್ತವೆ. ಮೂಳೆ ಸವೆದು ರಕ್ತದಲ್ಲಿ ಕ್ಯಾಲ್ಸಿಯಂ ಜಾಸ್ತಿಯಾದರೆ ಇನ್ನೂ ಪೆಟ್ಟು. ಮೂತ್ರದಲ್ಲಿ ಪಟ್ಟಿ ಅದ್ದಿ ನೋಡುವ ಮಾಮೂಲಿ ಪರೀಕ್ಷೆಯಲ್ಲಿ ಈ ಪ್ರೋಟೀನ್ ಸಿಗದೇ ಹೋಗಬಹುದು, ಆ ಪಟ್ಟಿ ಹಿಡಿಯುವುದು ಮುಖ್ಯವಾಗಿ ಆಲ್ಬುಮಿನ್ನನ್ನು. ಇದನ್ನು ಹಿಡಿಯಲು ರಕ್ತದ ಪ್ರೋಟೀನುಗಳನ್ನು ಬೇರ್ಪಡಿಸಿ ನೋಡುವ ಎಲೆಕ್ಟ್ರೋಫೊರೆಸಿಸ್ ಮತ್ತು ಲೈಟ್ ಚೈನ್ ಪರೀಕ್ಷೆ ಬೇಕು.

ಇದು ಅಪರೂಪದ ಕಾಯಿಲೆ, ಎಲ್ಲರೂ ಹೆದರಿ ಪರೀಕ್ಷೆಗೆ ಓಡಬೇಕಿಲ್ಲ. ಆದರೆ ಕ್ರಿಯಾಟಿನಿನ್ ವಾರಗಳಲ್ಲೇ ಏರಿದರೆ, ಜೊತೆಗೆ ಬಿಡದ ಬೆನ್ನು ನೋವು, ರಕ್ತಹೀನತೆ ಇದ್ದರೆ, 'ಇದು ಶುಗರ್‌ನಿಂದಲೇ ಆಗಿದ್ದಾ?' ಎಂದು ಮನೆಯವರು ಕೇಳಬೇಕು. ಶುಗರ್ ಕಿಡ್ನಿಗೆ ಬಂದಿದ್ದರೆ ಕಣ್ಣಿಗೂ ಪೆಟ್ಟು ಬಿದ್ದಿರುವುದೇ ಹೆಚ್ಚು; ಕಣ್ಣಿನ ಒಳಪರದೆಯಲ್ಲಿ ಶುಗರ್‌ನ ಗುರುತೇ ಇಲ್ಲದಿದ್ದರೆ ಇನ್ನೂ ಗಟ್ಟಿಯಾಗಿ ಕೇಳಬೇಕು. ನಾವು ಕೇಳಲಿಲ್ಲ. ಆ ಸಂಕಟ ಇವತ್ತಿಗೂ ಇದೆ. ಬೇಗ ಚಿಕಿತ್ಸೆ ಸಿಕ್ಕರೆ ಈ ಕಾಯಿಲೆಯಲ್ಲಿ ಕಿಡ್ನಿ ಎಷ್ಟೋ ಜನರಿಗೆ ಚೇತರಿಸಿಕೊಳ್ಳುತ್ತದೆ. ಅಪ್ಪಯ್ಯನಿಗೂ ಚಿಕಿತ್ಸೆಯ ಮೂರನೇ ತಿಂಗಳಿಗೆ ಡಯಾಲಿಸಿಸ್ ನಿಂತಿತು. ಮೈಲೋಮಾಗೆ ಕೊಡುವ ಡೆಕ್ಸಾಮೆಥಾಸೋನ್ ಮಾತ್ರೆ ಶುಗರ್ ಏರಿಸುತ್ತದೆ, ಹಾಗಾಗಿ ಈಗ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದಾರೆ.

ಈಗ ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲೇ ಡಯಾಲಿಸಿಸ್ ಸಿಗುತ್ತಿದೆ, ದೊಡ್ಡ ಉಪಕಾರ. ಅದರ ಹಾಗೆಯೇ ಮೂತ್ರದ ಆಲ್ಬುಮಿನ್ ಪರೀಕ್ಷೆಯೂ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸುಲಭವಾಗಿ ಸಿಗುವಂತಾಗಲಿ. ಆರೋಗ್ಯ ಇಲಾಖೆಯವರು ದಯವಿಟ್ಟು ಗಮನಿಸಬೇಕು.

ನಿಮ್ಮಲ್ಲಿ ಒಂದು ಕೋರಿಕೆ. ಮಲೆನಾಡಿನಲ್ಲಿ ಕೊಯ್ಲು, ಸುಲಿತದ ದಿನಗಳಲ್ಲಿ ಮೈಕೈ ನೋವಿಗೆ ಡೈಕ್ಲೋಫೆನಾಕ್‌ನಂಥ ಮಾತ್ರೆಯನ್ನು ಚೀಟಿ ಇಲ್ಲದೆ ನುಂಗುವವರು ಮನೆಮನೆಯಲ್ಲೂ ಇದ್ದಾರೆ. ಸಕ್ಕರೆ ಕಾಯಿಲೆಯವರ ಕಿಡ್ನಿಗೂ, ಮೈಲೋಮಾ ಇದ್ದವರ ಕಿಡ್ನಿಗೂ ಅದು ಕೇಡು. ಈ ಸಲದ ಕೊನೆ ಕೊಯ್ಲು ಶುರುವಾಗುವ ಮೊದಲು ನಿಮ್ಮ ಪತ್ರಿಕೆಯಲ್ಲಿ ಕಿಡ್ನಿ ವೈದ್ಯರೊಬ್ಬರಿಂದ ಇದರ ಬಗ್ಗೆ ಬರೆಸಿ.

ಇಂತಿ,
ಅಡಿಕೆ ಬೆಳೆಗಾರರೊಬ್ಬರ ಮಗಳು,
ಹೊಸನಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ